ನನ್ನ ಕೈಬರಹದ ಅಂಕಿಗಳು

ನಶ್ಯ ಏರಿಸಿದ ಮೇಲೆ ಸರ್ ಬೆರಳನ್ನು ಡಾರ್ಕ್‌ರೂಮಿನ ಕಪ್ಪು ಪರದೆಗೆ ಒರೆಸುತ್ತಿದ್ದರು. ಕಿಸೆಯಲ್ಲಿ ಕರವಸ್ತ್ರ ಇರುತ್ತಿತ್ತು, ಇಸ್ತ್ರಿ ಹಾಕಿದ್ದು, ಹೆಂಡತಿ ದಿನಾ ಮಡಚಿ ಕೊಟ್ಟದ್ದು. ಅದು ಹೊರಗೆ ಬರುತ್ತಿದ್ದದ್ದು ಸಭೆಗಳಲ್ಲಿ ಮಾತ್ರ. ಪರದೆಯ ಎಡ ಅಂಚು ಸೊಂಟದೆತ್ತರದಲ್ಲಿ ಕಂದು ಬಣ್ಣಕ್ಕೆ ತಿರುಗಿ, ಗಟ್ಟಿಯಾಗಿ, ಹಳೆಯ ಚಪ್ಪಲಿಯ ಚರ್ಮದಂತೆ ಆಗಿತ್ತು. ಫಿಲ್ಮು ತೊಳೆಯಲು ಒಳಗೆ ಹೋಗುವಾಗ ನಾನು ಬಲಗಡೆಯಿಂದ ನುಗ್ಗುತ್ತಿದ್ದೆ. ಒಂಬತ್ತು ವರ್ಷ ಹಾಗೆ ನುಗ್ಗಿದೆ.

ಅವರು ಮಣಿಪಾಲದ ಆಸ್ಪತ್ರೆಯಲ್ಲಿ ತೀರಿಕೊಂಡ ಮೂರನೆಯ ವಾರ ಕಾಲೇಜಿನ ಹಳೆ ವಿದ್ಯಾರ್ಥಿಯೊಬ್ಬರು ನನ್ನ ಮನೆಗೆ ಬಂದರು. ನೆನಪಿನ ಸಂಚಿಕೆ ತರುತ್ತಾರಂತೆ. "ಸರ್ ಅವರನ್ನು ನಿಮ್ಮಷ್ಟು ಹತ್ತಿರದಿಂದ ಕಂಡವರು ಬೇರೆ ಯಾರುಂಟು ಮೇಡಂ? ಎರಡು ಪುಟ ಸಾಕು. ಒಳ್ಳೆಯ ನಾಲ್ಕು ನೆನಪು ಬರೆದುಕೊಡಿ" ಎಂದರು. ಬರೆದೆ. ಅದರಲ್ಲಿ ಒಂದು ವಾಕ್ಯವೂ ಸುಳ್ಳಿರಲಿಲ್ಲ. ಆದರೂ ಬರೆದು ಮುಗಿಸಿ ಓದಿದ ಮೇಲೆ ಹಾಳೆಗಳನ್ನು ಕವುಚಿ ಇಟ್ಟೆ. ಅದನ್ನು ಸಂಚಿಕೆಗೆ ಕೊಟ್ಟೂ ಬಿಟ್ಟೆ. ಅಲ್ಲಿ ಬರೆಯದೆ ಉಳಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನಗೆ ಕಾಲೇಜಿನಲ್ಲಿ ಪಾಠ ಹೇಳಿ, ಆಮೇಲೆ ಕೆಲಸವನ್ನೂ ಕೊಟ್ಟ ಅವರ ಹೆಸರು ಹೇಳುವುದಿಲ್ಲ. ಅವರಿಗೆ ಮಕ್ಕಳಿದ್ದಾರೆ, ಒಳ್ಳೆಯವರು, ಅಪ್ಪನ ಬಗ್ಗೆ ಹೆಮ್ಮೆಪಡುವವರು.

ನಮ್ಮ ಕಾಲೇಜು ಕಾರ್ಕಳದ ಹೊರಗೆ, ಬಸ್ಸಿಳಿದು ಹತ್ತು ನಿಮಿಷ ನಡೆದರೆ ಸಿಗುತ್ತಿತ್ತು. ಹಿಂದುಗಡೆ ಕರಿಬಂಡೆಯ ಗುಡ್ಡ. ಬಂಡೆಯ ಮೇಲೆ ಎತ್ತರದ ಒಂದು ಕಬ್ಬಿಣದ ಕಂಬ, ಅದರ ತುದಿಯಿಂದ ನಾಲ್ಕು ಕಡೆಗೆ ಇಳಿಬಿಟ್ಟ ತಂತಿಗಳು, ಬುಡದಲ್ಲಿ ಹಂಚಿನ ಮಾಡಿನ ಎರಡು ಕೋಣೆ. ಊರವರು ಅದನ್ನು ರೇಡಿಯೋ ಸ್ಟೇಷನ್ ಎಂದು ತಿಳಿದಿದ್ದರು. ಯಕ್ಷಗಾನ ಯಾವಾಗ ಹಾಕುತ್ತೀರಿ ಎಂದು ಕೇಳಿಕೊಂಡು ಗುಡ್ಡ ಹತ್ತಿ ಬಂದವರೂ ಇದ್ದರು. ಅಂಥವರನ್ನು ಸರ್ ಒಳಗೆ ಕರೆದು ಕೂರಿಸಿ, ನಾವು ಮಾಡುವ ಕೆಲಸವನ್ನು ತಿಳಿಸುತ್ತಿದ್ದರು. ಅದನ್ನು ಅವರಷ್ಟು ಚೆನ್ನಾಗಿ ಹೇಳುವವರನ್ನು ನಾನು ಆಮೇಲೆಯೂ ಕಂಡಿಲ್ಲ.

"ಬಾವಿಗೆ ಕಲ್ಲು ಹಾಕಿ ನೀರು ಎಷ್ಟು ಆಳದಲ್ಲಿ ಉಂಟು ಅಂತ ಶಬ್ದದಲ್ಲೇ ತಿಳಿಯುವುದಿಲ್ವಾ? ಇದು ತಲೆಕೆಳಗಾದ ಬಾವಿ. ಮೇಲೆ, ನೂರಾರು ಕಿಲೋಮೀಟರ್ ಮೇಲೆ, ಬಿಸಿಲು ತಾಗಿ ಗಾಳಿಯ ಕಣ ಒಡೆದುಹೋಗಿ ಇಲೆಕ್ಟ್ರಾನುಗಳು ಬಿಡಿಬಿಡಿಯಾಗಿ ನಿಂತ ಪದರ ಉಂಟು. ಅಯಾನುಗೋಳ ಅಂತ ಹೆಸರು. ನಾವು ಇಲ್ಲಿಂದ ರೇಡಿಯೋ ಅಲೆಯ ತುಂಡು ಎಸೆಯುವುದು. ಅದು ತಾಗಿ ವಾಪಸು ಬರ್ತದೆ. ಬರ್ಲಿಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ನೋಡಿದರೆ ಎತ್ತರ ಸಿಕ್ಕಿತು. ಮತ್ತೆ ಫ್ರೀಕ್ವೆನ್ಸಿ ಏರಿಸ್ತಾ ಹೋಗುವುದು. ಒಂದು ಹಂತದಲ್ಲಿ ಅಲೆ ಪದರವನ್ನು ತೂರಿಕೊಂಡು ಹೋಗಿಬಿಡ್ತದೆ, ವಾಪಸು ಬರುವುದಿಲ್ಲ. ಎಲ್ಲಿ ತೂರಿತೋ ಆ ಅಂಕಿಯಿಂದ ಅಲ್ಲಿ ಇಲೆಕ್ಟ್ರಾನು ಎಷ್ಟು ದಟ್ಟ ಉಂಟು ಅಂತ ಲೆಕ್ಕ ಹಾಕುವುದು. ಅಷ್ಟೇ ಅಲ್ವಾ?"

ಯಾವ ವಿಷಯವನ್ನೂ ಅವರು "ಅಷ್ಟೇ ಅಲ್ವಾ" ಎಂದೇ ಮುಗಿಸುತ್ತಿದ್ದರು. ಮೊದಮೊದಲು ಕಷ್ಟದ ವಿಷಯವೂ ಆ ಮಾತಿನಿಂದ ಹಗುರವಾದಂತೆ ಅನಿಸುತ್ತಿತ್ತು.

ನನ್ನ ಓದು ಮುಗಿದ ವರ್ಷ ಅವರೇ ಬೆಳ್ಮಣ್ಣಿನ ನಮ್ಮ ಮನೆಗೆ ಬಂದಿದ್ದರು. ಎಪ್ಪತ್ತೈದನೆಯ ಇಸವಿ. ಪಪ್ಪ ಗದ್ದೆಯಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದರು. ನನಗೆ ಬಹರೈನಿನಲ್ಲಿದ್ದ ಒಬ್ಬರ ಸಂಬಂಧ ನೋಡಿಯಾಗಿತ್ತು. ಸರ್ ಜಗಲಿಯಲ್ಲಿ ಕುಳಿತು, ಮಮ್ಮಿ ಕೊಟ್ಟ ಹಲಸಿನ ಹಣ್ಣು ತಿನ್ನುತ್ತಾ, ಪಪ್ಪನನ್ನು, ನಮ್ಮ ಕ್ರೈಸ್ತರನ್ನು ಊರಿನಲ್ಲಿ ಕರೆಯುವಂತೆ ಪೊರ್ಬುಗಳೇ ಎಂದು ಕರೆದು, ತುಳುವಿನಲ್ಲಿ ಮಾತಾಡಿದರು.

"ಬಹರೈನಿಗೆ ಮುಂದಿನ ವರ್ಷವೂ ವಿಮಾನ ಉಂಟು ಪೊರ್ಬುಗಳೇ. ಇವಳ ಕಣ್ಣು ಮಾತ್ರ ನನಗೆ ಈಗ ಬೇಕು. ಫಿಲ್ಮಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಇವಳಿಗೆ ಕಾಣ್ತದೆ. ಇಂಥವರು ನನ್ನ ಹತ್ತಿರ ಓದಿದವರಲ್ಲಿ ಇನ್ನೊಬ್ಬರಿಲ್ಲ."

ಪಪ್ಪ ನನ್ನ ಕಣ್ಣುಗಳನ್ನೇ ಸ್ವಲ್ಪ ಹೊತ್ತು ನೋಡಿದರು, ಅಲ್ಲಿ ಇಷ್ಟು ದಿನ ತಮಗೆ ಕಾಣದ್ದು ಏನಿತ್ತು ಎಂಬಂತೆ. ಒಂದು ವರ್ಷ ಎಂದು ಒಪ್ಪಿದರು. ಬಹರೈನಿನವರು ಕಾಯಲಿಲ್ಲ. ನನಗೆ ಅದರಿಂದ ಬೇಸರವಾಗಲಿಲ್ಲ. ಈ ಉಪಕಾರವನ್ನು ನಾನು ಮರೆತಿಲ್ಲ, ಮರೆಯಲು ಅವರೂ ಬಿಟ್ಟಿಲ್ಲ.

ಕೆಲಸವನ್ನು ಅವರು ಪಕ್ಕದಲ್ಲಿ ಕೂತು ಕಲಿಸಿದರು. ಯಂತ್ರ ಪ್ರತಿ ಕಾಲು ಗಂಟೆಗೆ ಒಂದು ಚಿತ್ರ ತೆಗೆಯುತ್ತಿತ್ತು. ಫಿಲ್ಮನ್ನು ತೊಳೆದು, ಒಣಗಿಸಿ, ಕೆಳಗಿನಿಂದ ದೀಪ ಹಾಕಿದ ಗಾಜಿನ ಮೇಜಿನ ಮೇಲಿಟ್ಟು ಓದಬೇಕು. ಕೆಳಗೆ ಚಪ್ಪಟೆಯಾಗಿ ಹೊರಟ ಗೆರೆ ಬಲಕ್ಕೆ ಹೋಗುತ್ತಾ ಮೇಲಕ್ಕೆ ಬಾಗುತ್ತದೆ, ಬಾಗಿ ಬಾಗಿ ನೆಟ್ಟಗೆ ಏರಿ ಮಾಯವಾಗುತ್ತದೆ. ಮಾಯವಾಗುವ ಜಾಗದ ಅಂಕಿಯನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ಅಂಕಿ ಸಿಗದಿದ್ದರೆ ಯಾಕೆ ಸಿಗಲಿಲ್ಲ ಎಂಬುದಕ್ಕೆ ಒಂದು ಇಂಗ್ಲಿಷ್ ಅಕ್ಷರ. ಯಂತ್ರ ಕೆಟ್ಟಿದ್ದರೆ, ಕರೆಂಟು ಹೋಗಿದ್ದರೆ 'ಸಿ'. ಮೊದಲ ತಿಂಗಳು ನನ್ನ ರಿಜಿಸ್ಟರಿನಲ್ಲಿ 'ಸಿ'ಗಳೇ ತುಂಬಿದ್ದವು. ನನಗೆ ನಾಚಿಕೆಯಾಗಿ, ಎರಡು ಕಡೆ ಹಿಂದಿನ ಮುಂದಿನ ಅಂಕಿ ನೋಡಿ ಅಂದಾಜಿನಲ್ಲಿ ತುಂಬಿಸಿದ್ದೆ. ಅವರು ಪುಟ ತಿರುಗಿಸುವಾಗಲೇ ಅದನ್ನು ಹಿಡಿದರು.

"ಇದು ಎಂತ ಐರಿನ್?"

"ಅಂದಾಜು ಹಾಕಿದ್ದು ಸರ್."

"ಹೊಡೆದು ಹಾಕು. ಇಲ್ಲದ್ದನ್ನು ಇಲ್ಲ ಅಂತ ಬರೆಯಲಿಕ್ಕೆ ಧೈರ್ಯ ಬೇಕು. ಆ ಧೈರ್ಯ ಇಲ್ಲದಿದ್ದರೆ ನಮಗೂ ಜ್ಯೋತಿಷ್ಯ ಹೇಳುವವನಿಗೂ ಎಂತ ವ್ಯತ್ಯಾಸ?"

ನಾನು ಹೊಡೆದು ಹಾಕಿದೆ. ಆ ದಿನ ಸಂಜೆ ಬಸ್ಸಿನಲ್ಲಿ ನನಗೆ ಇಗರ್ಜಿಯಲ್ಲಿ ಪಾಪನಿವೇದನೆ ಮಾಡಿ ಹೊರಬಂದಾಗಿನ ಹಗುರ. ಇಂಥ ಮನುಷ್ಯನ ಕೈಕೆಳಗೆ ಕೆಲಸ ಸಿಕ್ಕಿತಲ್ಲ ಎಂದು ದೇವರಿಗೆ ವಂದನೆ ಹೇಳಿದೆ. ಈಗ ಅದನ್ನು ನೆನೆದರೆ ಅವರ ಮೇಲೆ ಬರುವಷ್ಟೇ ಅಸಹ್ಯ ನನ್ನ ಆ ವಂದನೆಯ ಮೇಲೂ ಬರುತ್ತದೆ.

ಯಂತ್ರ ನಡೆಸುತ್ತಿದ್ದವನು ಸಂಜೀವ. ಕಾಪುವಿನವನು, ಮೀನು ಹಿಡಿಯುವ ಮನೆತನ. ಅವನಿಗೆ ಸಮುದ್ರಕ್ಕಿಂತ ರೇಡಿಯೋದ ಹುಚ್ಚು. ಪೇಟೆಯ ಒಂದು ರಿಪೇರಿ ಅಂಗಡಿಯಲ್ಲಿ ಕಲಿತು, ಟೆಕ್ನಿಷಿಯನ್ ಆಗಿ ನಮ್ಮಲ್ಲಿಗೆ ಬಂದಿದ್ದ. ನನಗಿಂತ ನಾಲ್ಕೈದು ವರ್ಷ ದೊಡ್ಡವನು, ಮದುವೆಯಾಗಿ ಇಬ್ಬರು ಹೆಣ್ಣುಮಕ್ಕಳು. ಸರ್ ಹೊರದೇಶದಿಂದ ತಂದಿದ್ದ ಯಂತ್ರ ಅಲ್ಲಿಯವರು ಬಳಸಿ ಬಿಟ್ಟ ಮುದಿ ಸಾಮಾನು. ಅದರ ಅರ್ಧಕ್ಕರ್ಧ ಭಾಗಗಳನ್ನು ಸಂಜೀವನೇ ಬಿಚ್ಚಿ, ಬೆಸುಗೆ ಹಾಕಿ, ಹೊಸದಾಗಿ ಕಟ್ಟಿದ್ದ. ಗುಡುಗು ಬರುವ ಮೊದಲು ಕಂಬ ಹತ್ತಿ ತಂತಿ ಬಿಚ್ಚುತ್ತಿದ್ದ. ಯಂತ್ರದ ಹತ್ತಿರ ಅವನು ಮಾತಾಡುವ ದನಿಯೇ ಬೇರೆ. "ಅದಕ್ಕೆ ಇವತ್ತು ಸೆಕೆ ಆಗಿದೆ ಟೀಚರ್, ಸ್ವಲ್ಪ ಹೊತ್ತು ಬಿಡುವ" ಎನ್ನುತ್ತಿದ್ದ. ನಾನು ಪಾಠ ಮಾಡುತ್ತಿರಲಿಲ್ಲ, ಆದರೂ ಅವನಿಗೆ ನಾನು ಟೀಚರ್.

ಸರ್‌ಗೆ ಇನ್ನೊಬ್ಬರ ವಸ್ತು ತನ್ನದಲ್ಲ ಎಂಬ ಅರಿವೇ ಇರಲಿಲ್ಲ. ನನ್ನ ಕೊಡೆ ಅವರ ಮನೆಗೆ ಹೋಗಿ ಅಲ್ಲೇ ಉಳಿಯಿತು. ಸಂಜೀವನ ಮಾವ ಹಡಗಿನಿಂದ ತಂದುಕೊಟ್ಟಿದ್ದ ಜರ್ಮನಿಯ ಇಕ್ಕುಳ ಅವರ ಸ್ಕೂಟರಿನ ಡಬ್ಬಿ ಸೇರಿತು. ಸೋಮವಾರ ನಾನು ಮನೆಯಿಂದ ಸಣ್ಣ ಎಂಬ ತಿಂಡಿ ತರುತ್ತಿದ್ದೆ, ಅಕ್ಕಿಯ ಹಿಟ್ಟನ್ನು ಶೇಂದಿ ಹಾಕಿ ಹುಳಿ ಬರಿಸಿ ಬೇಯಿಸಿದ್ದು. ಅವರು ಅದೇ ನಶ್ಯದ ಬೆರಳಿನಿಂದ ಮುಚ್ಚಳ ತೆಗೆದು, ಒಂದನ್ನು ಎತ್ತಿ ಅರ್ಧ ಕಚ್ಚಿ, ಇನ್ನರ್ಧವನ್ನು ಡಬ್ಬಿಗೇ ಹಾಕಿ "ನೀನು ತಿನ್ನು, ತಿನ್ನು" ಎಂದು ಹೋಗುತ್ತಿದ್ದರು. ಉಳಿದ ಸಣ್ಣಗಳನ್ನೂ ನನಗೆ ತಿನ್ನಲಾಗುತ್ತಿರಲಿಲ್ಲ. ಬಂಡೆಯ ಮೇಲೆ ಕಾಗೆಗಳಿಗೆ ಹಾಕುತ್ತಿದ್ದೆ. ಇದನ್ನು ಹೇಳಿ ನಗುವುದೂ ಇತ್ತು, ನಾನೂ ಸಂಜೀವನೂ. ದೊಡ್ಡ ಮನುಷ್ಯರಿಗೆ ಸಣ್ಣ ವಿಷಯ ತಿಳಿಯುವುದಿಲ್ಲ ಎಂದುಕೊಂಡಿದ್ದೆವು.

ಸಾವಿರದ ಒಂಬೈನೂರ ಎಂಬತ್ತರ ಫೆಬ್ರವರಿಯಲ್ಲಿ ಆ ದೊಡ್ಡ ಸೂರ್ಯಗ್ರಹಣ ಬಂತು. ಕಾರವಾರದ ಕಡೆ ಸೂರ್ಯ ಪೂರ್ತಿ ಮುಚ್ಚುವುದಿತ್ತು. ನಮ್ಮಲ್ಲಿ ಒಂದು ಉಗುರಿನಷ್ಟು ಉಳಿಯುವುದಿತ್ತು. ನಮಗೆ ಅಷ್ಟು ಸಾಕಾಗಿತ್ತು. ಬಿಸಿಲಿನಿಂದ ಹುಟ್ಟುವ ಪದರ ಹಗಲಲ್ಲೇ ಬಿಸಿಲು ಹೋದರೆ ಏನಾಗುತ್ತದೆ ಎಂದು ನೋಡಲು ಆ ಎರಡೂವರೆ ಗಂಟೆಗಿಂತ ಒಳ್ಳೆಯ ಹೊತ್ತು ನಮ್ಮ ಜೀವಮಾನದಲ್ಲಿ ಮತ್ತೆ ಬರುವಂತಿರಲಿಲ್ಲ. ಒಂದು ವರ್ಷದಿಂದ ತಯಾರಿ ನಡೆದಿತ್ತು. ಕಾಲು ಗಂಟೆಗೆ ಒಂದು ಚಿತ್ರ ತೆಗೆಯುತ್ತಿದ್ದ ಯಂತ್ರ ನಿಮಿಷಕ್ಕೊಂದು ತೆಗೆಯುವ ಹಾಗೆ ಸಂಜೀವ ಮಾಡಿದ್ದ. ಕರೆಂಟು ಹೋದರೆ ಇರಲಿ ಎಂದು ಪ್ರಯೋಗಾಲಯಕ್ಕೆ ಜನರೇಟರೂ ಬಂದಿತ್ತು.

ಗ್ರಹಣಕ್ಕೆ ಒಂದು ವಾರ ಇರುವಾಗ ಸರ್ ನನ್ನ ಎದುರೇ ಸಂಜೀವನನ್ನು ಕರೆದರು.

"ಕಾಪುವಿನಲ್ಲಿ ನಮ್ಮ ಭಾವನ ಮಗಳ ಮದುವೆ. ಅಲ್ಲಿ ಕರೆಂಟಿನದ್ದು ನಂಬಿಕೆ ಇಲ್ಲ. ಜನರೇಟರನ್ನು ಲಾರಿಗೆ ಹಾಕಿಕೊಂಡು ಹೋಗಿ ಕೂರಿಸಿ ಬಾ. ನಿನಗೆ ಊರು ಗೊತ್ತುಂಟಲ್ಲ."

"ಸರ್, ಮುಂದಿನ ಶನಿವಾರ ಗ್ರಹಣ."

"ನಾಲ್ಕು ದಿನದಲ್ಲಿ ವಾಪಸು ಬರ್ತದೆ ಮಾರಾಯ. ಒಂದು ಜನರೇಟರು, ಅಷ್ಟೇ ಅಲ್ವಾ."

ಗೇಟಿನ ಪುಸ್ತಕದಲ್ಲಿ ಸಂಜೀವ ಸಹಿ ಹಾಕಿ ಅದನ್ನು ಒಯ್ದ. ಮದುವೆ ಮುಗಿಯಿತು, ಜನರೇಟರು ಬರಲಿಲ್ಲ. ಸಂಜೀವ ಮೂರು ಸಲ ನೆನಪಿಸಿದ. ಲಾರಿ ಸಿಗಲಿಲ್ಲ ಎಂದರು, ಭಾವನವರಿಗೆ ಪುರುಸೊತ್ತಿಲ್ಲ ಎಂದರು, ಕೊನೆಗೆ "ನಿನಗೆ ಬೇರೆ ಕೆಲಸ ಇಲ್ವಾ" ಎಂದರು.

ಆ ಶನಿವಾರ ಬೆಳ್ಮಣ್ಣಿನಿಂದ ಹೊರಟ ಬಸ್ಸಿನಲ್ಲಿ ಡ್ರೈವರ್, ಕಂಡಕ್ಟರ್ ಬಿಟ್ಟರೆ ನಾನು ಮತ್ತು ಒಬ್ಬ ಪೊಲೀಸಿನವನು. ಅಂಗಡಿಗಳು ಮುಚ್ಚಿದ್ದವು. ಮನೆಗಳ ಕಿಟಕಿಗಳಿಗೆ ಒಳಗಿನಿಂದ ಬೆಡ್‌ಶೀಟು ಕಟ್ಟಿದ್ದರು. ಪ್ರಯೋಗಾಲಯದಲ್ಲಿ ಮಾತ್ರ ಜಾತ್ರೆಯ ಹಾಗೆ. ಸರ್ ಕೋಟು ಹಾಕಿಕೊಂಡು ಬಂದಿದ್ದರು. ಉಡುಪಿಯಿಂದ ಒಬ್ಬ ಪತ್ರಕರ್ತರು ಬಂದಿದ್ದರು. ಸರ್ ಅವರನ್ನು ಬಂಡೆಯ ಮೇಲೆ ನಿಲ್ಲಿಸಿ, ವೆಲ್ಡಿಂಗಿನವರ ಕಪ್ಪು ಗಾಜಿನಲ್ಲಿ ಸೂರ್ಯನನ್ನು ತೋರಿಸುತ್ತಾ, ಮೂಢನಂಬಿಕೆಯ ಬಗ್ಗೆ ಮಾತಾಡುತ್ತಿದ್ದರು.

ಒಳಗೆ ನಾನೂ ಸಂಜೀವನೂ. ಎರಡೂವರೆಯ ಮೇಲೆ ಯಂತ್ರದ ಸ್ಕ್ರೀನಿನ ಗೆರೆ ನಿಧಾನವಾಗಿ ಎಡಕ್ಕೆ ಸರಿಯತೊಡಗಿತು. ಮೇಲೆ ಇಲೆಕ್ಟ್ರಾನುಗಳು ಕಡಿಮೆಯಾಗುತ್ತಿದ್ದವು. ಅದು ನಾವು ಕಾದಿದ್ದದ್ದೇ. ಹೊರಗಿನ ಬೆಳಕು ತೊಳೆದ ಹಾಗೆ ಪೇಲವವಾಯಿತು. ಮೂರೂ ಕಾಲು ದಾಟಿದಾಗ ಸಂಜೀವ ಸ್ಕ್ರೀನಿನ ಹತ್ತಿರ ಬಗ್ಗಿದ.

"ಟೀಚರ್, ಇಲ್ಲಿ ನೋಡಿ. ಇದು ಎಂತ?"

ಗೆರೆಯ ಮೇಲಿನ ತುದಿಯಲ್ಲಿ ಒಂದು ಕವಲು ಒಡೆದಿತ್ತು. ಒಂದೇ ಪದರ ಇದ್ದಲ್ಲಿ ಎರಡಾಗುತ್ತಿರುವಂತೆ. ಮರುನಿಮಿಷದ ಚಿತ್ರದಲ್ಲಿ ಕವಲು ಇನ್ನಷ್ಟು ಬಿಡಿಸಿಕೊಂಡಿತು. ಮೂರನೆಯದರಲ್ಲಿ ಎರಡೂ ಸ್ಪಷ್ಟವಾಗಿ ಬೇರೆ ಬೇರೆ. ಐದು ವರ್ಷ ದಿನಾ ಆ ಗೆರೆಯನ್ನು ಓದಿದವಳು ನಾನು, ಅಂಥದ್ದನ್ನು ನೋಡಿರಲಿಲ್ಲ. ಸಂಜೀವ ಯಾವುದೋ ಗುಂಡಿಯನ್ನು ಮುಟ್ಟಿ ನೋಡಿ "ಸೆಟ್ಟಿನದ್ದು ಏನೂ ಇಲ್ಲ, ಎಲ್ಲ ಸರಿ ಉಂಟು" ಎಂದ. ನಾನು ಬಾಗಿಲಿಗೆ ಓಡಿ "ಸರ್, ಬೇಗ ಬನ್ನಿ" ಎಂದು ಕರೆದೆ. ನಾನು ತಿರುಗುವಷ್ಟರಲ್ಲಿ ಸ್ಕ್ರೀನು ಸಣ್ಣ ಚುಕ್ಕೆಯಾಗಿ ಆರಿಹೋಯಿತು. ಕರೆಂಟು ಹೋಗಿತ್ತು.

ಸರ್ ಪತ್ರಕರ್ತರ ಜೊತೆ ಒಳಗೆ ಬಂದರು. "ಜನರೇಟರು ಹಾಕು" ಎಂದರು ಸಂಜೀವನಿಗೆ.

ಸಂಜೀವ ಸ್ವಿಚ್ಚಿನಿಂದ ಕೈ ತೆಗೆದ. ಆಮೇಲೆ ಮೆತ್ತಗೆ ಹೇಳಿದ, "ಅದು ಕಾಪುವಿನಲ್ಲಿ ಉಂಟು ಸರ್. ನಿಮ್ಮ ಭಾವನವರಲ್ಲಿ."

ಪತ್ರಕರ್ತರು ನೆಲ ನೋಡಿದರು. ಸರ್ ಮುಖದಲ್ಲಿ ಏನೂ ಬದಲಾಗಲಿಲ್ಲ. ಆದರೆ ಅವರು ಕಿಸೆಯಿಂದ ಇಸ್ತ್ರಿ ಹಾಕಿದ ಕರವಸ್ತ್ರ ತೆಗೆದು ಬಾಯಿ ಒರೆಸಿಕೊಂಡರು. ಕರೆಂಟು ಬಂದದ್ದು ನಾಲ್ಕೂ ಕಾಲರ ಹೊತ್ತಿಗೆ. ಅಷ್ಟರಲ್ಲಿ ಸೂರ್ಯ ಅರ್ಧ ಮರಳಿ ಬಂದಿದ್ದ. ಗೆರೆ ಒಂದೇ ಆಗಿ, ಏನೂ ಆಗದಂತೆ ಬಲಕ್ಕೆ ಸರಿಯುತ್ತಿತ್ತು.

ಸೋಮವಾರ ಫಿಲ್ಮು ತೊಳೆದು ಒಣಗಿಸಿದೆ. ಕವಲಿನ ಮೂರು ಚಿತ್ರಗಳು ಚೆನ್ನಾಗಿ ಬಂದಿದ್ದವು. ಸರ್ ಗಾಜಿನ ಮೇಜಿನ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದರು. ಮೂರನ್ನೂ ಮತ್ತೊಮ್ಮೆ ಮೊದಲಿನಿಂದ ಓದಿದರು. "ಐರಿನ್, ಇದು ದೊಡ್ಡದು" ಎಂದು ಪಿಸುಗುಟ್ಟಿದರು. ಆ ಒಂದು ಕ್ಷಣಕ್ಕಾಗಿಯೇ ಅವರನ್ನು ಇಂದಿಗೂ ಕ್ಷಮಿಸಲಾಗುವುದಿಲ್ಲ. ಆಮೇಲೆ ಮಾಡಿದ್ದನ್ನು ಅದು ಏನೆಂದು ತಿಳಿಯದೆ ಮಾಡಿದ್ದರೆ ಬೇರೆ ಮಾತಿತ್ತು.

ಮೂರು ದಿನ ಕಳೆದ ಮೇಲೆ ಅವರು ನನ್ನನ್ನು ಕರೆದು ಬಾಗಿಲು ಮುಂದೆ ಮಾಡಿದರು. ಮೇಜಿನ ಮೇಲೆ ಒಂದು ದೊಡ್ಡ ಗ್ರಾಫ್ ಹಾಳೆ. ಕರೆಂಟು ಹೋಗುವ ಮೊದಲಿನ ಅಂಕಿಗಳು ಒಂದು ಕಡೆ, ಬಂದ ನಂತರದವು ಇನ್ನೊಂದು ಕಡೆ. ನಡುವೆ ಪ್ಲಾಸ್ಟಿಕ್ಕಿನ ಬಾಗುಪಟ್ಟಿ ಇಟ್ಟು ಪೆನ್ಸಿಲಿನಲ್ಲಿ ಎಳೆದ ನುಣುಪಾದ ಒಂದು ತಗ್ಗು, ಪುಸ್ತಕದಲ್ಲಿ ಇರುವ ಹಾಗೆಯೇ.

"ಸಮ್ಮೇಳನದಲ್ಲಿ ಓದುತ್ತೇನೆ ಅಂತ ಮೊದಲೇ ಬರೆದುಕೊಟ್ಟಾಗಿದೆ. ಗ್ರಹಣವನ್ನು ಶುರುವಿನಿಂದ ಕೊನೆಯವರೆಗೆ ಅಳೆದಿದ್ದೇವೆ ಅಂತ. ನೀನು ಈ ಗೆರೆಯಿಂದ ನಿಮಿಷಕ್ಕೊಂದರಂತೆ ಅಂಕಿ ಓದಿ ರಿಜಿಸ್ಟರಿನಲ್ಲಿ ಬರಿ. ಇಷ್ಟು ವರ್ಷದ ಬರಹ ನಿನ್ನದೇ, ಇದೂ ನಿನ್ನದೇ ಇರಬೇಕು."

"ಸರ್, ಅಲ್ಲಿ 'ಸಿ' ಬರೆಯಬೇಕಲ್ಲ."

"ಕರೆಂಟು ಇದ್ದಿದ್ದರೆ ಇದೇ ಬರ್ತಿತ್ತು. ಪ್ರಕೃತಿ ಓಡಿ ಹೋಗ್ತದಾ?"

"ಮತ್ತೆ ಆ ಮೂರು?"

"ಅದು ಇದಕ್ಕೆ ಸೇರುವುದಿಲ್ಲ. ಕರೆಂಟು ಹೋಗುವ ಮೊದಲು ವೋಲ್ಟೇಜು ಏರಿಳಿದಿರಬೇಕು. ಸಂಜೀವನ ಸೆಟ್ಟು ಹೇಗೂ ಹಳತು. ಕತ್ತರಿಸಿ ತೆಗೆ. ಮೂರು ಚಿತ್ರ, ಅಷ್ಟೇ ಅಲ್ವಾ." ಕತ್ತರಿಯನ್ನು ಅವರೇ ನನ್ನ ಕಡೆ ಸರಿಸಿದರು, ಹಿಡಿ ನನ್ನತ್ತ ಇರುವ ಹಾಗೆ, ಬಹಳ ಮರ್ಯಾದೆಯಿಂದ. ಆಮೇಲೆ ಇನ್ನೊಂದು ಮಾತು ಸೇರಿಸಿದರು. "ಜೂನಿನಲ್ಲಿ ಲೆಕ್ಚರರ್ ಹುದ್ದೆ ಖಾಲಿ ಆಗ್ತದೆ. ನಿನ್ನ ಹೆಸರು ಹೇಳಿದ್ದೇನೆ. ಮನೆಯಲ್ಲಿ ಪಪ್ಪನಿಗೆ ಈಗ ಆರೋಗ್ಯ ಹೇಗುಂಟು?" ಪಪ್ಪ ಆ ವರ್ಷ ಗದ್ದೆಗೆ ಇಳಿಯಲಾರದೆ ಮನೆಯಲ್ಲೇ ಇದ್ದರು.

ನಾನು ಕತ್ತರಿಸಿದೆ. ಎರಡು ಕಡೆಯ ತುದಿಗಳನ್ನು ಅಂಟಿಸಿದೆ. ತುಂಡನ್ನು ಬುಟ್ಟಿಗೆ ಹಾಕಿದೆ, ಜಾಡಮಾಲಿ ಮರುದಿನ ಅದನ್ನು ಕಸದ ಜೊತೆ ಸುಟ್ಟಿರಬೇಕು. ಐವತ್ತಕ್ಕೂ ಮಿಕ್ಕಿ ಅಂಕಿಗಳನ್ನು ನನ್ನ ದುಂಡನೆಯ ಕೈಬರಹದಲ್ಲಿ ಬರೆದೆ. ಅವರು ತಾವೇ ಕ್ಯಾಂಟೀನಿಗೆ ಹೋಗಿ ಚಹಾ ಮತ್ತು ಬಿಸಿ ಗೋಳಿಬಜೆ ತಂದರು. ನಾನು ತಿಂದೆ. ಅವತ್ತು ಅವರ ಬೆರಳು ನೆನಪಾಗಲಿಲ್ಲ.

ಪತ್ರಿಕೆಯಲ್ಲಿ ಸುದ್ದಿ ಬಂತು, ಸರ್ ಫೋಟೋದೊಂದಿಗೆ. ವಿದ್ಯುತ್ತು ಕೈಕೊಟ್ಟರೂ ಬ್ಯಾಟರಿಯ ಬಲದಿಂದ ಅಳತೆ ನಿಲ್ಲಲಿಲ್ಲ ಎಂದು ಸರ್ ಹೇಳಿದ್ದಾಗಿ ಅದರಲ್ಲಿತ್ತು. ನಮ್ಮಲ್ಲಿ ಬ್ಯಾಟರಿಯೇ ಇರಲಿಲ್ಲ. ಅದನ್ನು ಓದಿ ಪ್ರಿನ್ಸಿಪಾಲರಿಗೆ, ಹಾಗಾದರೆ ಜನರೇಟರು ಎಲ್ಲಿ ಎಂಬ ಪ್ರಶ್ನೆ ಹುಟ್ಟಿತು. ಸರ್ ಒಂದು ಪತ್ರ ಬರೆದುಕೊಟ್ಟರು. ಟೆಕ್ನಿಷಿಯನ್ ಸಂಜೀವ ತನ್ನ ಊರಿನ ಮದುವೆಯೊಂದಕ್ಕೆ ಹೇಳದೆ ಕೇಳದೆ ಜನರೇಟರು ಒಯ್ದಿದ್ದಾನೆ ಎಂದು. ಗೇಟಿನ ಪುಸ್ತಕದಲ್ಲಿ ಸಹಿ ಅವನದೇ. ಊರು ಅವನದೇ. ಪತ್ರಕರ್ತರ ಎದುರು ಆ ಒಂದು ಮಾತು ಆಡಿದ್ದಕ್ಕೆ ಅವನಿಗೆ ಅದು ಶಿಕ್ಷೆ ಎಂದು ನನಗೆ ತಿಳಿಯಿತು.

ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. ಸಂಜೀವ ಗೋಡೆಗೆ ಒರಗದೆ ನೆಟ್ಟಗೆ ನಿಂತಿದ್ದ. ಸರ್ ಕುರ್ಚಿಯಲ್ಲಿ ಕೂತಿದ್ದರು.

"ಸರ್ ಹೇಳಿಯೇ ತಾನು ಒಯ್ದದ್ದು, ಆಗ ನೀವೂ ಇದ್ದಿರಿ ಎನ್ನುತ್ತಾನೆ ಇವನು. ನಿಮಗೆ ಗೊತ್ತುಂಟಾ?"

"ಗೊತ್ತಿಲ್ಲ ಸರ್" ಎಂದೆ.

ಎರಡೇ ಶಬ್ದ. ಸಂಜೀವ ನನ್ನ ಕಡೆ ನೋಡಲಿಲ್ಲ. ಆ ವಾರವೇ ಅವನನ್ನು ಬಿಡಿಸಿದರು. ತನ್ನ ಬೆಸುಗೆ ಕಡ್ಡಿ, ಎರಡು ಸ್ಕ್ರೂಡ್ರೈವರು, ಊಟದ ಡಬ್ಬಿ ಚೀಲಕ್ಕೆ ಹಾಕಿಕೊಳ್ಳಲು ಬಂದಾಗ ನಾನು ಮೇಜಿನ ಮೇಲೆ ಬಗ್ಗಿಕೊಂಡು ಫಿಲ್ಮು ಓದುತ್ತಿರುವಂತೆ ನಟಿಸಿದೆ. ಬಾಗಿಲ ಹತ್ತಿರ ಅವನು ನಿಂತ.

"ಟೀಚರ್, ರಿಸೀವರಿನ ಎರಡನೇ ವಾಲ್ವು ಈಚೆಗೆ ಜಾಸ್ತಿ ಬಿಸಿ ಆಗ್ತದೆ. ಮಧ್ಯಾಹ್ನ ಸ್ವಲ್ಪ ಹೊತ್ತು ಫ್ಯಾನು ಹಿಡಿಯಿರಿ."

ಇಷ್ಟೇ ಹೇಳಿ ಇಳಿದು ಹೋದ. ಅವನು ಹೋದ ಮೇಲೆ ಆ ಯಂತ್ರ ಎರಡು ವರ್ಷವೂ ಸರಿಯಾಗಿ ನಡೆಯಲಿಲ್ಲ.

ಜೂನಿನಲ್ಲಿ ನಾನು ಲೆಕ್ಚರರ್ ಆದೆ. ಪ್ರಬಂಧ ಅಚ್ಚಾಯಿತು, ಸರ್ ಹೆಸರಿನ ಕೆಳಗೆ ನನ್ನ ಹೆಸರು. ಬೇರೆಯವರು ತಮ್ಮ ಬರಹಗಳಲ್ಲಿ ಅದನ್ನು ಉದಾಹರಿಸಿದ್ದನ್ನೂ ನೋಡಿದೆ. ನನ್ನ ಕೈಬರಹದಿಂದ ಹುಟ್ಟಿದ ಆ ಅಂಕಿಗಳು ಎಲ್ಲೆಲ್ಲೋ ಯಾರ್‍ಯಾರದೋ ಲೆಕ್ಕಕ್ಕೆ ಸೇರಿಕೊಂಡವು. ನಾಲ್ಕು ವರ್ಷದ ನಂತರ ಮಣಿಪಾಲದ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿ ಅಲ್ಲಿಗೆ ಹೋದೆ. ಹೋಗುವ ದಿನ ಸರ್ ನನ್ನ ತಲೆಯ ಮೇಲೆ ಕೈ ಇಟ್ಟು ಆಶೀರ್ವದಿಸಿದರು. ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡೆ.

ಎಂಬತ್ತೇಳರಲ್ಲಿ ಅವರು ನಿವೃತ್ತರಾದಾಗ ಉಡುಪಿಯ ಒಂದು ಸಭಾಭವನದಲ್ಲಿ ಸನ್ಮಾನ ಇಟ್ಟರು. ಅಭಿನಂದನಾ ಪತ್ರ ಬರೆದು ಓದುವ ಕೆಲಸ ನನ್ನ ಪಾಲಿಗೆ ಬಂತು. ಬರೆದೆ, ಓದಿದೆ. 'ಸತ್ಯನಿಷ್ಠ' ಎಂಬ ಶಬ್ದವೂ ಅದರಲ್ಲಿತ್ತು. ಶಾಲು, ಹಾರ, ಹಣ್ಣಿನ ಬುಟ್ಟಿ ಆದ ಮೇಲೆ ಅವರು ಉತ್ತರ ಹೇಳಲು ಎದ್ದರು. ಎಂದಿನಂತೆ ಚೆನ್ನಾಗಿ ಮಾತಾಡಿದರು, ಜನ ನಕ್ಕರು. ಕೊನೆಗೆ ದನಿ ತಗ್ಗಿಸಿದರು.

"ನನ್ನ ಜೀವನದಲ್ಲಿ ಒಂದೇ ಒಂದು ನೋವು. ಸಂಜೀವ ಅಂತ ಒಬ್ಬ ಇದ್ದ. ಬಂಗಾರದಂಥ ಕೈ. ಮಗನ ಹಾಗೆ ನೋಡಿಕೊಂಡೆ. ಸಣ್ಣ ಆಸೆಗೆ ಬಿದ್ದು ಕಾಲೇಜಿನ ವಸ್ತು ಒಯ್ದು ಕೆಲಸ ಕಳೆದುಕೊಂಡ. ಈಗಿನ ಯುವಕರಿಗೆ ಅದನ್ನು ಹೇಳುವುದು ಯಾಕೆಂದರೆ, ವಿದ್ಯೆ ಇದ್ದರೆ ಸಾಲದು, ನಡತೆ ಬೇಕು."

ಸಭೆಯಲ್ಲಿ ಹೆಂಗಸರು ಚ್ಚ್ ಚ್ಚ್ ಎಂದರು. ಅವರ ಕಣ್ಣಿನಲ್ಲಿ ನಿಜವಾಗಿಯೂ ನೀರಿತ್ತು. ನಾನು ಮೊದಲ ಸಾಲಿನಲ್ಲಿ ಕೂತು, ಬಾಯಿಗೆ ಸೀರೆಯ ಸೆರಗು ಒತ್ತಿಕೊಂಡೆ.

ಊಟದ ಹೊತ್ತಿಗೆ ಅವರು ಹಾರದೊಂದಿಗೇ ನನ್ನ ಹತ್ತಿರ ಬಂದರು. ಪತ್ರ ಬಹಳ ಚೆನ್ನಾಗಿತ್ತು ಎಂದರು. ಏಳು ವರ್ಷದ ನಂತರ ನನ್ನ ಬಾಯಿಂದ ಆ ಮಾತು ಹೊರಬಂತು.

"ಸರ್, ಜನರೇಟರು ಹೋದದ್ದು ನಿಮ್ಮ ಭಾವನವರ ಮನೆಗೆ. ಕಳಿಸಿದ್ದು ನೀವು."

ಅವರು ಹುಬ್ಬು ಗಂಟಿಕ್ಕಿ ನನ್ನನ್ನು ನೋಡಿದರು. ಅದು ನಾಟಕವಾಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಆದರೆ ಅವರು ನಿಜವಾಗಿಯೂ ನೆನಪು ಮಾಡಿಕೊಳ್ಳುತ್ತಿದ್ದರು.

"ಹೌದಾ?" ಎಂದರು. "ಇದ್ದರೂ ಇರಬಹುದು. ಎಷ್ಟು ವರ್ಷ ಆಯಿತು. ಒಂದು ಜನರೇಟರು, ಅಷ್ಟೇ ಅಲ್ವಾ" ಎಂದು ಹಣ್ಣಿನ ಬುಟ್ಟಿಯಿಂದ ಒಂದು ಕಿತ್ತಳೆ ತೆಗೆದು ನನ್ನ ಕೈಗಿಟ್ಟು, ಇನ್ನೊಬ್ಬರ ಕಡೆ ತಿರುಗಿದರು.

ಮುಂದಿನ ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಕಾಪುವಿಗೆ ಹೋದೆ. ಹೆದ್ದಾರಿಯ ಬದಿಯಲ್ಲಿ, ಬಸ್ಸು ನಿಲ್ಲುವ ಜಾಗದ ಎದುರು ಸಂಜೀವನ ಅಂಗಡಿ. ರೇಡಿಯೋ, ಟೇಪ್‌ರೆಕಾರ್ಡರು, ಗಲ್ಫಿನಿಂದ ಬಂದವರ ಟೀವಿಗಳು ರಾಶಿ ಬಿದ್ದಿದ್ದವು. ಕೂದಲು ನೆರೆತಿತ್ತು. ನನ್ನನ್ನು ಕಂಡು ಎದ್ದು ನಿಂತು, ಸ್ಟೂಲು ಒರೆಸಿ, "ಬನ್ನಿ ಟೀಚರ್, ಕೂತುಕೊಳ್ಳಿ" ಎಂದ. ಎದುರಿನ ಹೋಟೆಲಿಗೆ ಎರಡು ಚಹಾ ಹೇಳಿದ. ದೊಡ್ಡ ಮಗಳು ಪಿಯುಸಿಗೆ ಸೇರಿದ್ದಳಂತೆ.

ನಾನು ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಹೇಳಿದೆ. ಪ್ರಿನ್ಸಿಪಾಲರ ಎದುರು ಸುಳ್ಳು ಹೇಳಿದೆ, ಕೆಲಸದ ಆಸೆಗೆ ಹೇಳಿದೆ, ತಪ್ಪಾಯಿತು ಎಂದೆ. ಅವನು ತಲೆ ತಗ್ಗಿಸಿ ಕೇಳಿದ.

"ಬಿಡಿ ಟೀಚರ್. ಅಷ್ಟು ದೊಡ್ಡವರ ಎದುರು ನೀವಾದರೂ ಎಂತ ಮಾಡ್ತೀರಿ. ನಿಮ್ಮ ಮನೆಯಲ್ಲೂ ಆಗ ಕಷ್ಟ ಇತ್ತು. ನನಗೆ ಒಂದು ವರ್ಷ ಸಿಟ್ಟಿತ್ತು, ಆಮೇಲೆ ಹೋಯಿತು." ಚಹಾ ಬಂತು. ಲೋಟ ನನ್ನ ಕೈಗೆ ಕೊಟ್ಟು ಅವನು ಬೇರೆ ದನಿಯಲ್ಲಿ ಕೇಳಿದ, "ಒಂದು ವಿಷಯ ಕೇಳಬೇಕು ಅಂತ ಇತ್ತು. ಗ್ರಹಣದ ದಿನ ಗೆರೆ ಎರಡಾಯಿತಲ್ಲ. ಸೆಟ್ಟಿನ ದೋಷ ಅಂತ ಸರ್ ನನಗೆ ಬೈದಿದ್ದರು. ನಾನು ಎಷ್ಟೋ ಸಲ ಮನಸ್ಸಿನಲ್ಲೇ ಆ ಸೆಟ್ಟು ಬಿಚ್ಚಿ ನೋಡಿದ್ದೇನೆ. ಎಲ್ಲಿ ತಪ್ಪಾಯಿತು ಅಂತ ಗೊತ್ತಾಗಲಿಲ್ಲ."

"ಸೆಟ್ಟಿನಲ್ಲಿ ದೋಷ ಇರಲಿಲ್ಲ ಸಂಜೀವ. ಮೇಲೆ ಪದರವೇ ಎರಡಾದದ್ದು. ಸರ್‌ಗೂ ಅದು ಗೊತ್ತಿತ್ತು."

ಅವನ ಮುಖ ಅರಳಿತು. ಆ ಮುಖ ಹಾಗೆ ಅರಳಿದ್ದನ್ನು ನಾನು ಯಂತ್ರದ ಕೋಣೆಯಲ್ಲಿ ಮಾತ್ರ ಕಂಡಿದ್ದೆ. "ನನಗೆ ಆಗಲೇ ಅನಿಸಿತ್ತು. ಹಾಗಾದರೆ ನಮ್ಮ ಸೆಟ್ಟು ಹಿಡಿದದ್ದು ನಿಜವಾದದ್ದೇ. ಆ ಫಿಲ್ಮು ಈಗ ಎಲ್ಲುಂಟು ಟೀಚರ್? ಒಮ್ಮೆ ನೋಡಬಹುದಾ?"

ಸುಳ್ಳು ಹೇಳಬಹುದಿತ್ತು. ಕಾಲೇಜಿನಲ್ಲಿ ಗೆದ್ದಲು ತಿಂದಿದೆ ಎಂದರೆ ಅವನು ನಂಬುತ್ತಿದ್ದ.

"ಇಲ್ಲ. ಕತ್ತರಿಸಿ ಎಸೆದಾಯಿತು. ಅದರ ಬದಲು ಸುಳ್ಳು ಅಂಕಿ ಬರೆದೆವು."

"ಕತ್ತರಿಸಿದ್ದು ಯಾರು?"

"ನಾನು."

ಅವನು ಲೋಟವನ್ನು ಕೆಳಗಿಟ್ಟ. ನಾನು ಸರ್ ಮುಖದ ಎದುರು ಒಂಬತ್ತು ವರ್ಷ ಅಡಗಿಸಿಟ್ಟುಕೊಂಡ ಅದೇ ಅಸಹ್ಯ ಅವನ ಮುಖದಲ್ಲಿ ಬಂತು. ಅವನು ಅದನ್ನು ಅಡಗಿಸಲಿಲ್ಲ.

"ಸರ್ ಬಿಡಿ, ಅವರು ಅಂಥವರೇ" ಎಂದ. "ನಿಮಗೆ ಆ ಗೆರೆ ಓದಲಿಕ್ಕೆ ಬರ್ತಿತ್ತು."

ಆಮೇಲೆ ಬೆಂಚಿನ ಮೇಲೆ ಬಿಚ್ಚಿಟ್ಟಿದ್ದ ಒಂದು ರೇಡಿಯೋದ ಕಡೆಗೆ ತಿರುಗಿ, ಬೆಸುಗೆ ಕಡ್ಡಿ ಎತ್ತಿಕೊಂಡು ಕೆಲಸ ಶುರು ಮಾಡಿದ. ನಾನು ಚಹಾ ಪೂರ್ತಿ ಕುಡಿಯದೆ ಎದ್ದೆ. ಉಡುಪಿಗೆ ಹೋಗುವ ಬಸ್ಸು ಇಪ್ಪತ್ತು ನಿಮಿಷ ತಡವಾಗಿ ಬಂತು. ಅಷ್ಟು ಹೊತ್ತೂ ನಾನು ಅವನ ಅಂಗಡಿಯ ಎದುರೇ ನಿಂತಿದ್ದೆ. ಅವನು ತಲೆ ಎತ್ತಲಿಲ್ಲ.